ತುಕ್ಕು ಎಲ್ಲಿ, ಹೊಳಪು ಎಲ್ಲಿ? ಟ್ಯಾಂಕ್ ಚೈನಿನ ಪ್ರಶ್ನೆಗಳು

ಪ್ರಶ್ನೆ: ಸರ್, 1971ರ ಭಾರತ-ಪಾಕಿಸ್ತಾನ ಯುದ್ಧದ ಬಸಂತರ್ ಕದನದಲ್ಲಿದ್ದ ಸೆಂಚೂರಿಯನ್ ಟ್ಯಾಂಕಿನ ಮಾದರಿ ಕಟ್ಟಿದ್ದೇನೆ. 1:35 ಅಳತೆ. ಟ್ಯಾಂಕ್ ಚೆನ್ನಾಗಿ ಬಂದಿದೆ, ಚೈನು ಮಾತ್ರ ಆಟಿಕೆಯ ಹಾಗೆ ಕಾಣುತ್ತದೆ. ಪೂರ್ತಿ ತುಕ್ಕಿನ ಬಣ್ಣ ಬಳಿದೆ, ಮೇಲೆ ಬೆಳ್ಳಿ ಬಣ್ಣ ಒರೆಸಿದೆ, ನಮ್ಮ ತೋಟದ ಕೆಂಪು ಮಣ್ಣನ್ನೂ ಹಚ್ಚಿದೆ. ಸವೆದ ಹಾಗೆ, ಏಟು ಬಿದ್ದ ಹಾಗೆ ಮಾಡುವುದು ಹೇಗೆ?
– ಕಾಲೇಜು ವಿದ್ಯಾರ್ಥಿ, ಸಾಗರ

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಕೈಕೆಲಸ ನೀಟಾಗಿದೆ. ತುಕ್ಕು, ಹೊಳಪು, ಮಣ್ಣು ಮೂರೂ ಎಲ್ಲಾ ಕಡೆ ಒಂದೇ ಸಮ ಬಿದ್ದಿವೆ, ತೊಂದರೆ ಅಷ್ಟೇ.

ಬ್ರಷ್ ಕೆಳಗಿಟ್ಟು ಒಂದು ಹಿಟಾಚಿ ನೋಡಿ ಬನ್ನಿ. ನಿಮ್ಮ ಕಡೆ ಯಾರದಾದರೂ ತೋಟದಲ್ಲಿ ಬಸಿಗಾಲುವೆ ತೆಗೀತಾ ಇರುತ್ತದೆ. ಊಟದ ಹೊತ್ತಿಗೆ ಎಂಜಿನ್ ನಿಲ್ಲಿಸಿದಾಗ ಡ್ರೈವರ್ ಹತ್ತಿರ ಕೇಳಿಕೊಂಡು ಚೈನಿನ ಪಕ್ಕ ಕುಳಿತುಕೊಳ್ಳಿ. ನೆಲಕ್ಕೆ ತಾಗುವ ಏಣು ಬೆಳ್ಳಗೆ ಹೊಳೆಯುತ್ತದೆ. ಎರಡು ಏಣಿನ ನಡುವೆ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಯಾವುದೂ ಉಜ್ಜದ ಮೂಲೆಯಲ್ಲಿ ಮಾತ್ರ ತುಕ್ಕು ಉಳಿದಿರುತ್ತದೆ. ಅದೇ ಹಿಟಾಚಿ ಮಳೆಗಾಲವಿಡೀ ಶೆಡ್ಡಿನ ಹೊರಗೆ ನಿಂತರೆ ಏಣೂ ಕಂದಾಗುತ್ತದೆ. ಹಾಗಾಗಿ ನಿಮ್ಮ ಟ್ಯಾಂಕ್ ಇವತ್ತು ಬೆಳಿಗ್ಗೆ ಓಡಿತ್ತೋ, ವರ್ಷಗಟ್ಟಲೆ ನಿಂತಿದೆಯೋ ಅಂತ ಮೊದಲು ತೀರ್ಮಾನಿಸಿ. ಯುದ್ಧದಲ್ಲಿ ಓಡುತ್ತಿದ್ದ ಟ್ಯಾಂಕ್ ಅಂದಮೇಲೆ ಕಿತ್ತಳೆ ಬಣ್ಣದ ತುಕ್ಕು ಬಹಳ ಕಡಿಮೆ ಇರಬೇಕು.

ಈಗ ಏಟಿನ ವಿಷಯ. ನಾನು ಮೆಷಿನ್ ಶಾಪಿನಲ್ಲಿ ಫಿಟರ್ ಆಗಿದ್ದವನು, ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸೆಂಚೂರಿಯನ್ ಚೈನಿನ ಲಿಂಕು ಮ್ಯಾಂಗನೀಸ್ ಉಕ್ಕಿನ ಎರಕ. ಜಲ್ಲಿ ಕ್ರಷರ್‌ನ ದವಡೆಗೆ, ರೈಲು ಹಳಿ ಕೂಡುವ ಕ್ರಾಸಿಂಗ್‌ಗೆ ಹಾಕುವುದೂ ಇದೇ ಜಾತಿಯ ಉಕ್ಕು. ಏಟು ಬಿದ್ದಷ್ಟೂ ಇದರ ಮೈ ಗಟ್ಟಿಯಾಗುತ್ತದೆ. ಇದು ತಗಡಿನ ಹಾಗೆ ನೆಗ್ಗುವುದಿಲ್ಲ, ಮಡಚುವುದಿಲ್ಲ. ಏಣಿನ ಚೂಪು ಹೋಗಿ ದುಂಡಗಾಗುತ್ತದೆ, ತುದಿಯಲ್ಲಿ ಎಲ್ಲೋ ಒಂದು ಚಿಕ್ಕ ಚೂರು ಎದ್ದಿರುತ್ತದೆ.

ಚಾಕುವಿನಿಂದ ಸಾಲಾಗಿ ಗೀರಬೇಡಿ. ನುಣ್ಣನೆ ಮರಳು ಕಾಗದದಿಂದ ಏಣಿನ ಮೂಲೆಗಳನ್ನು ಮೊಂಡು ಮಾಡಿ, ಹೊರ ತುದಿಗಳನ್ನು ಸ್ವಲ್ಪ ಜಾಸ್ತಿ. ಚೂರು ಎದ್ದ ಗುರುತು ಕೆಲವೇ ಲಿಂಕಿಗೆ ಸಾಕು, ಅದೂ ಅಕ್ಕಪಕ್ಕದಲ್ಲಿ ಬೇಡ. ಎಲ್ಲೋ ಒಂದು ಲಿಂಕನ್ನು ಉಜ್ಜದೆ ಚೂಪಾಗಿಯೇ ಬಿಡಿ. ಮುರಿದ ಲಿಂಕ್ ತೆಗೆದು ಸಿಬ್ಬಂದಿ ಹೊಸದು ಸೇರಿಸಿದ್ದಾರೆ ಅಂತ ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ನನಗೆ ಅತಿ ಇಷ್ಟವಾದ ಕೆಲಸ ಇದು.

ಲಿಂಕಿಗೆ ಲಿಂಕು ಜೋಡಿಸುವ ಪಿನ್ನೂ ಸವೆಯುತ್ತದೆ. ಪಿನ್ನು, ಅದರ ತೂತು ಎರಡೂ ಸವೆದಾಗ ಪ್ರತಿ ಲಿಂಕಿನಲ್ಲೂ ಕೂದಲೆಳೆಯಷ್ಟು ಸಡಿಲ ಬಂದು, ಒಟ್ಟಾರೆ ಚೈನು ಉದ್ದವಾಗುತ್ತದೆ. ಆಗ ಮುಂದಿನ ಚಕ್ರ ಸರಿಸಿ ಬಿಗಿ ಮಾಡುತ್ತಾರೆ. ಅದೂ ಸಾಲದಾದಾಗ ಒಂದು ಲಿಂಕ್ ಕಳಚುತ್ತಾರೆ. ನಿಮ್ಮ ಮಾದರಿಯಲ್ಲಿ ಚೈನು ಗಿಟಾರ್ ತಂತಿಯ ಹಾಗೆ ಬಿಗಿದಿದೆ, ಸ್ವಲ್ಪ ಸಡಿಲ ಬಿಡಿ. ಮೇಲಿನ ಸಾಲು ಪಕ್ಕದ ಕವಚದ ಹಿಂದೆ ಅಡಗಿರುತ್ತದೆ, ಅಲ್ಲಿ ದಿನಗಟ್ಟಲೆ ಕೂರಬೇಡಿ. ಮುಂದಿನ ಚಕ್ರ, ಹಿಂದಿನ ಹಲ್ಲುಚಕ್ರ, ಕೆಳಗಿನ ಸಾಲು, ಕಣ್ಣು ಹೋಗುವುದು ಅಲ್ಲಿಗೇ.

ಬಣ್ಣಕ್ಕೆ ಬೂದು ಬೆರೆತ ಗಾಢ ಕಂದು ತಳವಾಗಿರಲಿ. ಅದು ಒಣಗಿದ ಮೇಲೆ ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಆಯಿಲ್ ಪೇಂಟನ್ನು ಟರ್ಪಂಟೈನಿನಲ್ಲಿ ತೆಳ್ಳಗೆ ಕದಡಿ ಸಂದುಗಳಿಗೆ ಇಳಿಸಿ. ಟರ್ಪಂಟೈನ್ ಸುರಿಯಬೇಡಿ. ಬಿಗಿದು ನಿಂತ ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತದೆ. ಬೆಳ್ಳಿ ಬಣ್ಣ ಪೂರ್ತಿ ಬಿಟ್ಟುಬಿಡಿ. 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಏಣಿನ ನೆತ್ತಿಗೆ ಮಾತ್ರ ತಿಕ್ಕಿ, ನಿಜವಾದ ಉಕ್ಕಿನ ಹೊಳಪು ಬರುತ್ತದೆ. ಒಳಮೈಯಲ್ಲಿ ಚಕ್ರ ಉರುಳುವ ಪಟ್ಟಿಗೆ ಇನ್ನೂ ಕಡಿಮೆ, ಯಾಕೆಂದರೆ ಈ ಟ್ಯಾಂಕಿನ ಚಕ್ರಕ್ಕೆ ರಬ್ಬರ್ ಸುತ್ತು ಇದೆ.

ಇನ್ನು ಕೆಂಪು ಮಣ್ಣು. ಅದನ್ನು ತೊಳೆದುಬಿಡಿ. ಬಸಂತರ್ ಹೊಳೆ ಹರಿಯುವುದು ಪಂಜಾಬಿನ ಬಯಲಿನಲ್ಲಿ, ಪಾಕಿಸ್ತಾನದ ಶಕರ್‌ಗಢದ ಕಡೆ. ಅಲ್ಲಿರುವುದು ನದಿ ತಂದು ಹಾಸಿದ ಬೂದುಗಂದು ಮೆಕ್ಕಲು. ನಮ್ಮ ಸೇನೆಯ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಆ ಡಿಸೆಂಬರಿನಲ್ಲಿ ಮೈನ್ ಹೂತಿದ್ದ ನೆಲದ ನಡುವೆ ಹೊಳೆ ದಾಟಿದವು. ಆ ರೆಜಿಮೆಂಟಿನ ಯುವ ಅಧಿಕಾರಿ ಅರುಣ್ ಖೇತರ್ಪಾಲ್ ಹುತಾತ್ಮರಾಗಿದ್ದು ಅಲ್ಲೇ, ಡಿಸೆಂಬರ್ 16ರಂದು, ಸೆಂಚೂರಿಯನ್ ಒಳಗೇ. ಆ ಟ್ಯಾಂಕಿಗೆ ಆ ನೆಲದ ಮಣ್ಣೇ ಇರಬೇಕು. ಸಂದಿನಲ್ಲಿ ಒದ್ದೆಯ ಗಾಢ ಬಣ್ಣ, ಮೇಲೆ ಒಣಗಿದ ತಿಳಿ ಬಣ್ಣ ಕೊಡಿ.

ಪ್ರಶ್ನೆ: ಮಾದರಿಗೆ ಹಚ್ಚಿದ ಮಣ್ಣಿನ ಮೇಲೆ ಮಳೆಗಾಲದಲ್ಲಿ ಬಿಳಿ ಬೂಷ್ಟು ಬರುತ್ತದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ತೋಟದ ಮಣ್ಣಿನಲ್ಲಿ ಎಲೆ, ಬೇರಿನ ಚೂರು ಇದ್ದೇ ಇರುತ್ತದೆ. ನಮ್ಮ ಆಷಾಢದ ಥಂಡಿಗೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಜೊತೆಗೆ ಅದರ ಕಾಳು ಈ ಅಳತೆಗೆ ಬಹಳ ದಪ್ಪ. ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆ ಹಾಕುವ ಆಕ್ಸೈಡ್ ಪುಡಿ ಸಿಗುತ್ತದೆ, ಹಳೇ ಮನೆಗಳ ಕೆಂಪು ನೆಲದ್ದು. ಕೆಂಪು, ಹಳದಿ, ಕಪ್ಪು ತನ್ನಿ. ಹಳದಿ ಜಾಸ್ತಿ, ಕಪ್ಪು ಸ್ವಲ್ಪ, ಕೆಂಪು ಚಿಟಿಕೆ ಬೆರೆಸಿದರೆ ಬೇಕಾದ ಮಣ್ಣಿನ ಬಣ್ಣ ಬರುತ್ತದೆ. ಇವು ಕಬ್ಬಿಣದ ಆಕ್ಸೈಡುಗಳು, ತುಕ್ಕಿನ ಜಾತಿಯವೇ. ಬೂಷ್ಟಿಗೆ ತಿನ್ನಲು ಅದರಲ್ಲಿ ಏನೂ ಇಲ್ಲ. ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪ್ರಶ್ನೆ: ಶರ್ಮನ್ ಟ್ಯಾಂಕಿನ ಚೈನಿಗೂ ಇದೇ ವಿಧಾನ ನಡೆಯುತ್ತದಾ?
– ಓದುಗರು, ಭದ್ರಾವತಿ

ಉತ್ತರ: ನಿಮ್ಮ ಕಿಟ್ಟಿನಲ್ಲಿರುವುದು ರಬ್ಬರ್ ಬ್ಲಾಕಿನ ಚೈನಾದರೆ ನಡೆಯುವುದಿಲ್ಲ. ರಬ್ಬರ್ ತುಕ್ಕು ಹಿಡಿಯದು, ಹೊಳೆಯದು. ಅದು ತುಂಡು ತುಂಡಾಗಿ ಕಿತ್ತು ಬರುತ್ತದೆ. ಬ್ಲಾಕಿನ ಅಂಚಿನಲ್ಲಿ ಚಿಕ್ಕ ಕಚ್ಚು ಮಾಡಿ, ಧೂಳು ಕೂತ ಕಪ್ಪು ಬೂದು ಬಣ್ಣ ಕೊಡಿ. ಪೆನ್ಸಿಲ್ ಪುಡಿ ಎರಡು ಬ್ಲಾಕ್ ಜೋಡಿಸುವ ಪಕ್ಕದ ಕಬ್ಬಿಣದ ತುಂಡಿಗೆ ಮಾತ್ರ ಸಾಕು.