ರಿಪೋರ್ಟ್ ಗಂಡನದು, ಮಾತ್ರೆ ಹೆಂಡತಿಗೆ

ಇವರನ್ನು ಸವಿತಾ ಮತ್ತು ಮಂಜು ಅನ್ನೋಣ. ಹೆಸರು, ವಯಸ್ಸು, ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ. ದಾವಣಗೆರೆ ಕಡೆಯವರು, ಮನೆಯವರದು ಮಂಡಕ್ಕಿ ಭಟ್ಟಿ. ಆ ಊರಲ್ಲಿ ಇಂಥ ಭಟ್ಟಿಗಳು ಎಷ್ಟೋ ಇರೋದರಿಂದ ಕೆಲಸವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಈ ಪ್ರಕರಣಕ್ಕೆ ಅದು ಬೇಕು.

ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿಲ್ಲ. ಸವಿತಾಗೆ 29, ಮಂಜುಗೆ 34. ಮೊದಲ ಸಲ ಸಲಹೆ ಕೇಳೋಕೆ ನನ್ನ ಹತ್ತಿರ ಸವಿತಾ ಒಬ್ಬರೇ ಬಂದಿದ್ದರು. ಕೈಯಲ್ಲೊಂದು ದಪ್ಪ ಫೈಲು. ಥೈರಾಯ್ಡ್, ಹಾರ್ಮೋನ್, ಸ್ಕ್ಯಾನ್, ಟ್ಯೂಬ್ ಟೆಸ್ಟ್ (ಗರ್ಭನಾಳ ತೆರೆದಿದೆಯಾ ಅಂತ ನೋಡೋದು), ಎಲ್ಲಾ ಅವರದೇ. ಎಲ್ಲಾ ಸರಿಯಾಗೇ ಇತ್ತು. ಆದರೂ ಅಂಡಾಣು ಚೆನ್ನಾಗಿ ಬೆಳೆಯಲಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಫೈಲಿನ ಕೊನೆಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಅದು ಮಂಜು ಅವರ ವೀರ್ಯ ಪರೀಕ್ಷೆಯ ರಿಪೋರ್ಟ್. ಎಂಟು ತಿಂಗಳು ಹಳೆಯದು. ಭಟ್ಟಿಯ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿತಂತೆ.

"ಇವ್ರಿಗೆ ಗೊತ್ತಿತ್ತು ಮೇಡಂ. ನಾನು ಮಾತ್ರೆ ನುಂಗೋದು ನೋಡ್ತಾ ಸುಮ್ನೆ ಕೂತಿದ್ರು."

ಅದಕ್ಕಿಂತ ಹಿಂದಿನ ವಾರ ನೆಗೆಣ್ಣಿಯ ಕುಬಸ (ಸೀಮಂತ) ಆಗಿತ್ತು. ಆರತಿ ಮಾಡೋಕೆ ಮುತ್ತೈದೆಯರನ್ನೆಲ್ಲ ಕರೆದ ಅತ್ತೆ, ಸವಿತಾಗೆ "ನೀ ಒಳಗ ಎಲಿ ತೊಳಿ" ಅಂದಿದ್ದರು. ಊಟದ ಬಾಳೆ ಎಲೆ. ಅದನ್ನು ಹೇಳುವಾಗ ಅವರು ಅಳಲಿಲ್ಲ. ರಿಪೋರ್ಟ್ ತೋರಿಸಿ ಒಂದೇ ಪ್ರಶ್ನೆ ಕೇಳಿದರು: "ಇದನ್ನ ಅತ್ತೆ ಮುಂದೆ ಇಡ್ಲಾ?"

ಇಡಬೇಡಿ ಅಂತ ನಾನು ಹೇಳಲಿಲ್ಲ. ಅವರು ನಾಲ್ಕು ವರ್ಷ ಕೇಳಿಸಿಕೊಂಡಿದ್ದಾರೆ, ಆ ಕೋಪ ಸುಳ್ಳಲ್ಲ. ಆದರೆ ಗಂಡನ ದೇಹದ ವಿಷಯ ಗಂಡನ ಬಾಯಿಂದಲೇ ಬರಬೇಕು, ಅದಕ್ಕೆ ಒಂದು ಅವಕಾಶ ಕೊಡಿ ಅಂದೆ. "ರಿಪೋರ್ಟ್ ಸಿಕ್ಕಿದೆ ಅಂತ ಇವತ್ತೇ ಅವರಿಗೆ ಹೇಳಿ. ಜಗಳದ ಮಧ್ಯೆ ಹೇಳಬೇಡಿ. ನನ್ನ ಹತ್ತಿರ ಕರ್ಕೊಂಡು ಬನ್ನಿ."

ಮಂಜು ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ರಿಪೋರ್ಟ್ ಬಂದಮೇಲೆ ಏನು ಮಾಡಿದಿರಿ ಅಂತ ಕೇಳಿದೆ. ಡಾಕ್ಟರ ಹತ್ತಿರ ಹೋಗಿಲ್ಲ. ಹೈವೇ ಪಕ್ಕ ಟೆಂಟ್ ಹಾಕಿಕೊಂಡವನ ಹತ್ತಿರ 'ಶಕ್ತಿ ಪುಡಿ' ತಂದಿದ್ದಾರೆ. ಸ್ನೇಹಿತನೊಬ್ಬ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹಾಕಿಸ್ಕೋ, ಗಂಡಸುತನ ಜಾಸ್ತಿ ಆಗುತ್ತೆ ಅಂದಿದ್ದಾನೆ. ಪುಣ್ಯಕ್ಕೆ ಹಾಕಿಸಿಕೊಂಡಿಲ್ಲ. ಇದನ್ನು ಜಿಮ್‌ಗೆ ಹೋಗುವ ಹುಡುಗರೂ ಓದಲಿ: ಆ ಹಾರ್ಮೋನನ್ನು ಹೊರಗಿಂದ ಕೊಟ್ಟರೆ ಮಿದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ. ವೀರ್ಯಾಣು ಹುಟ್ಟೋದು ಇನ್ನೂ ಕಡಿಮೆಯಾಗುತ್ತದೆ, ಕೆಲವರಲ್ಲಿ ಸೊನ್ನೆಗೂ ಬರುತ್ತದೆ.

ಯಾಕೆ ಮುಚ್ಚಿಟ್ಟಿರಿ ಅಂದಾಗ ಅವರು ನನ್ನ ಕಡೆ ನೋಡದೆ ಹೇಳಿದರು: "ಗೊತ್ತಾದ್ರೆ ಬಿಟ್ಟು ಹೋಗ್ತಾಳೆ ಅನ್ಕಂಡಿದ್ದೆ."

ಸವಿತಾ ತಕ್ಷಣ ಅಂದರು: "ನಿಮ್ಮವ್ವ ನನ್ನ ಬಿಡಿಸ್ತೀನಿ ಅಂದಾಗ ನಾನೇನು ಹೋದ್ನಾ?"

ಅಲ್ಲಿಂದ ಮಾತು ಶುರುವಾಯಿತು. ಆ ದಿನ ನಾನು ಮಾತಾಡಿದ್ದು ಕಡಿಮೆ.

ಇನ್ನು ರಿಪೋರ್ಟ್ ವಿಷಯ. ಮಿಲಿಲೀಟರ್‌ಗೆ 60 ಲಕ್ಷ ವೀರ್ಯಾಣು, ಚಲನೆ ನೂರಕ್ಕೆ 20, ಅಂದರೆ ನೂರರಲ್ಲಿ ಇಪ್ಪತ್ತು ಮಾತ್ರ ಚಲಿಸುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಮಿಲಿಲೀಟರ್‌ಗೆ 1 ಕೋಟಿ 60 ಲಕ್ಷ, ಚಲನೆ ನೂರಕ್ಕೆ 42. ಅಂದರೆ ಕಡಿಮೆ ಇದೆ, ಆದರೆ ಸೊನ್ನೆ ಅಲ್ಲ. ಮಂಜು ಇದನ್ನು ಸೊನ್ನೆ ಅಂತಲೇ ಓದಿಕೊಂಡಿದ್ದರು. ಮತ್ತೆ, ಒಂದೇ ರಿಪೋರ್ಟ್ ನೋಡಿ ಯಾರಿಗೂ ಹಣೆಪಟ್ಟಿ ಹಚ್ಚಬಾರದು. ಜ್ವರ ಬಂದು ಹೋದರೂ ಎಣಿಕೆ ಬೀಳುತ್ತದೆ. ಟೆಸ್ಟಿಗೆ ಮುಂಚೆ 2ರಿಂದ 7 ದಿನ ವೀರ್ಯ ಹೋಗಿರಬಾರದು. ಲ್ಯಾಬಿನ ಬಾತ್‌ರೂಮಿನಲ್ಲಿ ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರೆ ಯಾರಿಗಾದರೂ ಕಷ್ಟವೇ. ಕೇಳಿದರೆ ಎಷ್ಟೋ ಲ್ಯಾಬಿನವರು ಮನೆಯಿಂದ ತರೋಕೆ ಡಬ್ಬಿ ಕೊಡುತ್ತಾರೆ. ಒಂದು ಗಂಟೆಯೊಳಗೆ ತಲುಪಿಸಬೇಕು, ತಣ್ಣಗಾಗಲು ಬಿಡಬಾರದು. ಸಾಮಾನ್ಯ ಕಾಂಡೋಮಿನಲ್ಲಿ ಹಿಡಿಯಬಾರದು, ಅದರಲ್ಲಿನ ಔಷಧಿ ಮತ್ತು ಜಾರುಪದಾರ್ಥ ವೀರ್ಯಾಣುಗಳಿಗೆ ಹಾನಿ.

ಎರಡನೇ ರಿಪೋರ್ಟೂ ಹೆಚ್ಚುಕಡಿಮೆ ಹಾಗೇ ಬಂತು. ಯೂರಾಲಜಿ (ಮೂತ್ರಾಂಗ ಮತ್ತು ಗಂಡಸರ ಜನನಾಂಗದ) ಡಾಕ್ಟರ ಹತ್ತಿರ ಕಳಿಸಿದೆ. ಅವರು ನಿಲ್ಲಿಸಿ, ತಿಣುಕಲು ಹೇಳಿ ಪರೀಕ್ಷೆ ಮಾಡಿದರು. ಎಡಗಡೆ ವೃಷಣದ ಮೇಲೆ ಉಬ್ಬಿದ ರಕ್ತನಾಳಗಳು. ಮುಟ್ಟಿದರೆ ಎರೆಹುಳು ತುಂಬಿದ ಚೀಲದ ಹಾಗೆ. ಇದೇ ವೆರಿಕೋಸಿಲ್. ಕಾಲಿನಲ್ಲಿ ನರ ಉಬ್ಬುತ್ತದಲ್ಲ, ಅದೇ ತೊಂದರೆ ಇಲ್ಲಿ. ಸಂಜೆ ಹೊತ್ತಿಗೆ ಎಡಗಡೆ ಜಗ್ಗಿದ ಹಾಗೆ ನೋವು ಬರುತ್ತಿತ್ತಂತೆ. ಚೀಲ ಹೊತ್ತಿದ್ದಕ್ಕೆ ಅಂತ ಸುಮ್ಮನಿದ್ದರು.

ಸುಮಾರು 100 ಗಂಡಸರಲ್ಲಿ 15 ಜನಕ್ಕೆ ಇದು ಇರುತ್ತದೆ. ಬಹಳಷ್ಟು ಜನಕ್ಕೆ ಮಕ್ಕಳೂ ಆಗಿರುತ್ತವೆ. ಮಕ್ಕಳಾಗದೆ ಪರೀಕ್ಷೆಗೆ ಬರುವ ಗಂಡಸರಲ್ಲಿ ಮಾತ್ರ ಪ್ರಮಾಣ ಜಾಸ್ತಿ, ಮೂರರಲ್ಲೊಬ್ಬರಿಗಿಂತ ಹೆಚ್ಚು. ವೃಷಣ ದೇಹಕ್ಕಿಂತ ಒಂದೆರಡು ಡಿಗ್ರಿಯಾದರೂ ತಣ್ಣಗಿರಬೇಕು, ಅದಕ್ಕೇ ಅದು ಹೊರಗೆ ಇರೋದು. ಅಲ್ಲಿ ರಕ್ತ ನಿಂತರೆ ಬಿಸಿ ಏರುತ್ತದೆ. ಮಂಜು ಅದರ ಮೇಲೆ ದಿನವಿಡೀ ಕಾದ ಮರಳಿನ ಬಾಣಲೆ ಮುಂದೆ ನಿಲ್ಲುತ್ತಿದ್ದರು. ಈಗ ಹುರಿಯುವ ಕೆಲಸ ಆಳಿಗೆ ಬಿಟ್ಟು ಇವರು ಚೀಲ ತುಂಬುವ ಕಡೆ, ಲೆಕ್ಕದ ಕಡೆ ಕೂತಿದ್ದಾರೆ. ಗುಟ್ಕಾ ಬಿಡಿ ಅಂದೆ. ಕಡಿಮೆ ಮಾಡಿದ್ದಾರೆ, ಬಿಟ್ಟಿಲ್ಲ.

ಮಂಜುಗೆ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ಒಂದೇ. ಇದು ರಕ್ತನಾಳದ ತೊಂದರೆ. ಆಸೆ, ನಿಮಿರುವಿಕೆ, ಗಡ್ಡ ಮೀಸೆ, ದನಿ, ಇವೆಲ್ಲ ಬೇರೆ ಲೆಕ್ಕ. ಆದರೆ ಡಾಕ್ಟರು "ಈ ಮೂರು ದಿನ ಸೇರಿ" ಅಂತ ಬರೆದುಕೊಟ್ಟಾಗ ಆ ದಿನಗಳಲ್ಲೇ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ರಕ್ತನಾಳ ಅಲ್ಲ, ಪರೀಕ್ಷೆ ಬರೆಯೋಕೆ ಕೂತ ಭಯ. ತಾರೀಖು ಹಿಡಿದು ಕೂರಬೇಡಿ ಅಂದೆ. ಸವಿತಾ ಅವರ ಮುಟ್ಟು 28 ದಿನಕ್ಕೆ ಸರಿಯಾಗಿ ಬರುತ್ತದೆ. ಹಾಗಾಗಿ ಮುಟ್ಟು ಶುರುವಾದ ದಿನದಿಂದ ಎಣಿಸಿ ಹತ್ತನೇ ದಿನದಿಂದ ಹದಿನೆಂಟರವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. "ಇವತ್ತು ಆ ದಿನ" ಅಂತ ಊಟದ ಹೊತ್ತಿಗೆ ನೆನಪಿಸೋದು ಬೇಡ. ಸವಿತಾ ನಕ್ಕರು. ಅದನ್ನು ಮಾಡುತ್ತಿದ್ದವರು ಅವರೇ.

ಸವಿತಾಗೆ ಹೇಳಿದ್ದು: ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಗಂಡನ ರಿಪೋರ್ಟ್ ಹಿಡಿದು ಹೋಗಿ ಇದು ಇನ್ನೂ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೇಳಿದರು, ನಿಲ್ಲಿಸಿದರು. ನನಗೆ ಸಿಟ್ಟು ಬರೋದು ಇಲ್ಲೇ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಖರ್ಚೂ ಕಡಿಮೆ, ನೋವೂ ಇಲ್ಲ. ಆದರೂ ಹೆಣ್ಣಿಗೆ ಟ್ಯೂಬ್ ಟೆಸ್ಟ್ ಆದಮೇಲೆ ಗಂಡನಿಗೆ ಡಬ್ಬಿ ಕೊಡುತ್ತಾರೆ!

ಆಪರೇಷನ್ ಬೇಕಾ ಅನ್ನೋದನ್ನು ಡಾಕ್ಟರೇ ಹೇಳಬೇಕು. ಕೇಳಬೇಕಾದ್ದನ್ನು ನಾನು ಬರೆದುಕೊಟ್ಟೆ. ಕೈಗೆ ಸಿಗುವಷ್ಟು ಉಬ್ಬಿದೆಯಾ, ಅಥವಾ ಸ್ಕ್ಯಾನಿನಲ್ಲಿ ಮಾತ್ರ ಕಂಡಿದೆಯಾ? ಸ್ಕ್ಯಾನಿನಲ್ಲಿ ಮಾತ್ರ ಕಂಡದ್ದಕ್ಕೆ ಸಾಮಾನ್ಯವಾಗಿ ಆಪರೇಷನ್ ಮಾಡೋದಿಲ್ಲ. ಮೈಕ್ರೋಸ್ಕೋಪ್ ಇಟ್ಟು ಮಾಡುತ್ತೀರಾ? ಹಾಗೆ ಮಾಡಿದರೆ ಆಮೇಲೆ ವೃಷಣದ ಸುತ್ತ ನೀರು ತುಂಬಿಕೊಳ್ಳೋದು, ರಕ್ತನಾಳ ಮತ್ತೆ ಉಬ್ಬೋದು ಕಡಿಮೆ. ಫಲ ಯಾವಾಗ ಗೊತ್ತಾಗುತ್ತದೆ? ಒಂದು ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಆದ್ದರಿಂದ ಮೂರು ತಿಂಗಳೊಳಗೆ ಟೆಸ್ಟ್ ಮಾಡಿಸಿ ಬೇಜಾರಾಗೋದು ಬೇಡ. ಬೇರೊಂದು ಕಡೆ ಮೊದಲ ಭೇಟಿಯಲ್ಲೇ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸೋದು) ಪ್ಯಾಕೇಜಿನ ಚೀಟಿ ಕೊಟ್ಟಿದ್ದರು. ಸವಿತಾಗೆ 37 ಆಗಿದ್ದರೆ ನಾನೂ ತಡಮಾಡಬೇಡಿ ಅನ್ನುತ್ತಿದ್ದೆ. 29ಕ್ಕೆ ಸಮಯ ಇದೆ.

ಎಲ್ಲರ ಕತೆಯೂ ಇಷ್ಟು ಹಗುರ ಇರೋದಿಲ್ಲ. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿದವರು, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಉಳಿದವರು, ಎಣಿಕೆ ನಿಜಕ್ಕೂ ಸೊನ್ನೆ ಇರುವವರು ಬರುತ್ತಾರೆ. ಸೊನ್ನೆ ಇದ್ದರೂ ಕೆಲವರಲ್ಲಿ ವೃಷಣದಿಂದಲೇ ವೀರ್ಯಾಣು ತೆಗೆದು ಇಕ್ಸಿ (ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸೋದು) ಮಾಡಲು ಸಾಧ್ಯ. ದಾನಿ ವೀರ್ಯದ ಮಾತು ಬಂದರೆ ಭಾರತದ 2021ರ ಕಾಯ್ದೆ ಪ್ರಕಾರ ಗಂಡಹೆಂಡತಿ ಇಬ್ಬರ ಲಿಖಿತ ಒಪ್ಪಿಗೆ ಬೇಕು, ದಾನಿ ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ಮೈದುನನನ್ನು ಕೇಳೋಣ ಅನ್ನುವ ಅತ್ತೆಯಂದಿರಿಗೆ ಇದನ್ನು ಹೇಳಿಬಿಡಿ.

ಅತ್ತೆಗೆ ಏನು ಹೇಳೋದು ಅನ್ನೋದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ನಂಬರು, ರಿಪೋರ್ಟು ಏನೂ ಬೇಡ, ಎರಡೇ ಮಾತು ಸಾಕು ಅಂದೆ. ಮಂಜು ನನ್ನ ಮುಂದೆ ಹೇಳಿ ನೋಡಿದರು, ಎರಡು ಸಲ ತಡವರಿಸಿದರು. ಮನೆಯಲ್ಲಿ ಒಲೆ ಮುಂದೆ ಕೂತಿದ್ದ ತಾಯಿಗೆ ಹೇಳಿದ್ದು ಇಷ್ಟು: "ಅವ್ವಾ, ತೊಂದ್ರಿ ನಂದೈತಿ. ಆಕಿಗೆ ಇನ್ನೊಮ್ಮೆ ಏನೂ ಅನಬ್ಯಾಡ." ತಾಯಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಭಟ್ಟಿಗೆ ಬೈದರು, ಮಗನನ್ನು ಅಲ್ಲಿ ನಿಲ್ಲಿಸಿದ ಗಂಡನಿಗೆ ಬೈದರು. ಉಚ್ಚಂಗಿ ಎಲ್ಲಮ್ಮನ ಹರಕೆ ಈಗ ಮಗನ ಹೆಸರಲ್ಲಿದೆ. ಸೊಸೆಯ ಕ್ಷಮೆ ಕೇಳಿಲ್ಲ. ಕೇಳುತ್ತಾರೆ ಅಂತ ಸವಿತಾ ಕಾಯುತ್ತಲೂ ಇಲ್ಲ.

ಆಪರೇಷನ್ ಆಯಿತು. ಕೆಲವು ವಾರ ಚೀಲ ಎತ್ತಲಿಲ್ಲ. ಆರು ತಿಂಗಳ ರಿಪೋರ್ಟಿನಲ್ಲಿ ಎಣಿಕೆ ಮಿಲಿಲೀಟರ್‌ಗೆ 1 ಕೋಟಿ 80 ಲಕ್ಷ, ಚಲನೆ ನೂರಕ್ಕೆ 38. ಗರ್ಭ ಇನ್ನೂ ನಿಂತಿಲ್ಲ. ಸವಿತಾಗೆ ಈಗಲೇ ಐಯುಐ (ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಬಿಡೋದು) ಮಾಡಿಸಬೇಕು ಅಂತ ಇದೆ, ಮಂಜುಗೆ ಇನ್ನಷ್ಟು ದಿನ ತಾವೇ ನೋಡೋಣ ಅಂತ. ದೀಪಾವಳಿವರೆಗೆ ನೋಡೋದು, ಆಮೇಲೆ ಇಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗೋದು ಅಂತ ತೀರ್ಮಾನಿಸಿದ್ದಾರೆ. ರಿಪೋರ್ಟುಗಳೆಲ್ಲ ಈಗ ಒಂದೇ ಫೈಲಿನಲ್ಲಿವೆ.