ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೊಬೈಲ್ ಸಿಗ್ನಲ್ ಮತ್ತು ಬ್ಯಾಟರಿ

ಪ್ರಶ್ನೆ: ನಮ್ಮದು ಕಾಫಿ ತೋಟದ ನಡುವಿನ ಒಂಟಿ ಮನೆ. ಚಿಕ್ಕಮಗಳೂರಿಗೆ ಹೋದಾಗ ಫೋನಿನ ಚಾರ್ಜ್ ಎರಡು ದಿನ ಬರುತ್ತದೆ. ಮನೆಯಲ್ಲಿ ಸುಮ್ಮನೆ ಮೇಜಿನ ಮೇಲಿಟ್ಟರೂ ಸಂಜೆಯೊಳಗೆ ಖಾಲಿ. ಬ್ಯಾಟರಿ ಬದಲಿಸಬೇಕೇ? ಬೂಸ್ಟರ್ ಹಾಕಿಸಬಹುದೇ?
– ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ಎರಡೂ ಬೇಡ. ಪೇಟೆಯಲ್ಲಿ ಎರಡು ದಿನ ಬರುವ ಬ್ಯಾಟರಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಟವರ್‌ಗೂ ನಿಮ್ಮ ಮನೆಗೂ ನಡುವಿನ ದಾರಿಯಲ್ಲಿ.

4ಜಿ ಫೋನ್ ಎಷ್ಟು ಜೋರಾಗಿ ಪ್ರಸಾರ ಮಾಡಬೇಕೆಂದು ಟವರ್ ಹೇಳುತ್ತಲೇ ಇರುತ್ತದೆ. ಟವರ್ ಹತ್ತಿರವಿದ್ದರೆ ಫೋನು −40 ಡಿಬಿಎಂವರೆಗೂ ಇಳಿಯಬಲ್ಲದು. ಅಂದರೆ ಒಂದು ಮಿಲಿವಾಟಿನ ಹತ್ತು ಸಾವಿರದ ಒಂದು ಪಾಲು. ದೂರವಾದಂತೆ ಏರುತ್ತಾ ಹೋಗಿ 23 ಡಿಬಿಎಂಗೆ, ಅಂದರೆ 200 ಮಿಲಿವಾಟಿಗೆ ನಿಲ್ಲುತ್ತದೆ. ಇಷ್ಟನ್ನು ಆಂಟೆನಾಗೆ ಕೊಡಲು ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಎರಡು ಮೂರು ಪಟ್ಟು ಎಳೆದುಕೊಳ್ಳುತ್ತದೆ. ಈ ನಿಯಂತ್ರಣ ಇಲ್ಲದೆ, 4ಜಿಗೂ ಮುಂಚಿನ ಸಿಡಿಎಂಎ ಎಂಬ ಮೊಬೈಲ್ ತಂತ್ರಜ್ಞಾನವೇ ಸಾಧ್ಯವಿರಲಿಲ್ಲ. ಅಲ್ಲಿ ಎಲ್ಲರೂ ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಮಾತಾಡುವುದರಿಂದ, ಟವರ್ ಪಕ್ಕದ ಒಂದು ಫೋನ್ ಜೋರು ಮಾಡಿದರೆ ದೂರದವರದ್ದೆಲ್ಲ ಮುಳುಗಿಹೋಗುತ್ತಿತ್ತು. ಅದಕ್ಕಾಗಿ ಮೊದಲ ಸಿಡಿಎಂಎ ವ್ಯವಸ್ಥೆ ಸೆಕೆಂಡಿಗೆ 800 ಸಲ, ನಂತರದ 3ಜಿ ಸೆಕೆಂಡಿಗೆ 1500 ಸಲ 'ಏರಿಸು, ಇಳಿಸು' ಎಂದು ಫೋನಿಗೆ ಆದೇಶ ಕೊಡುತ್ತಿದ್ದವು. ಅದರ ಜತೆಗೇ ಬ್ಯಾಟರಿ ಉಳಿತಾಯವೂ ಕೈಗೆ ಬಂತು.

ಮೇಜಿನ ಮೇಲೆ ಸುಮ್ಮನಿರುವ ಫೋನು ನಿಜವಾಗಿ ಸುಮ್ಮನಿರುವುದಿಲ್ಲ. ವಾಟ್ಸ್ಆ್ಯಪ್, ಮೇಲ್, ಫೋಟೊ ಬ್ಯಾಕಪ್ ಎಲ್ಲವೂ ಆಗಾಗ ಟವರ್ ಜತೆ ಮಾತಾಡುತ್ತವೆ. ಸಿಗ್ನಲ್ ದುರ್ಬಲವಿದ್ದಾಗ ಪೂರ್ತಿ ಶಕ್ತಿ ಹಾಕಿದರೂ ವೇಗ ಸಿಗದು, ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡ್ ಹಿಡಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಹುಡುಕಾಟ. ಎರಡು ಟವರ್‌ಗಳ ಅಂಚಿನಲ್ಲಿರುವ ಫೋನು ಇದೋ ಅದೋ ಎಂದು ಅಳೆಯುತ್ತಲೇ ಇರುತ್ತದೆ. ಸಿಗ್ನಲ್ ಪೂರ್ತಿ ಹೋದರೆ ತನಗೆ ಗೊತ್ತಿರುವ ಬ್ಯಾಂಡ್‌ಗಳನ್ನೆಲ್ಲ ಒಂದೊಂದಾಗಿ ತಡಕುತ್ತದೆ.

ಮೊದಲು ಅಳೆಯಿರಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್, ಅಲ್ಲಿ ಸಿಗ್ನಲ್ ಸ್ಟ್ರೆಂತ್ ನೋಡಿ. 4ಜಿಯಲ್ಲಿ −85 ಇದ್ದರೆ ಚೆನ್ನ, −105 ಆದರೆ ಕಷ್ಟ, −115 ದಾಟಿದರೆ ಅಂಚು. ಈ ಅಂಕಿಯಲ್ಲಿ 10 ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ಅಡುಗೆಮನೆಯಲ್ಲಿ −115, ಅಟ್ಟದ ಕಿಟಕಿಯ ಬಳಿ −105 ಇದ್ದರೆ ಫೋನಿನ ಜಾಗ ಕಿಟಕಿಯೇ. ತಗಡಿನ ಮಾಡಿನ ಕೆಳಗಂತೂ ಇಡಲೇಬೇಡಿ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ, ಟವರ್ ಬದಲು ಆ ಇಂಟರ್ನೆಟ್ ಮೂಲಕವೇ ಕರೆ ಸಾಗಿಸುವ ವೈಫೈ ಕಾಲಿಂಗ್‌ನಷ್ಟು ಒಳ್ಳೆಯ ಪರಿಹಾರ ಇನ್ನೊಂದಿಲ್ಲ. ನಮ್ಮಲ್ಲಿ ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಕೈಯಾರೆ ಆನ್ ಮಾಡಿ. ಟವರ್ ಹುಡುಕಾಟ ನಿಲ್ಲುತ್ತದೆ, ಕರೆಗಳು ಮಾಮೂಲಿ ನಂಬರಿಗೇ ಬರುತ್ತವೆ. ಒಂದೇ ಎಚ್ಚರ: ಕರೆಂಟ್ ಹೋದರೆ ರೂಟರ್ ಆರುತ್ತದೆ, ಆಗ ನೀವು ಯಾರಿಗೂ ಸಿಗುವುದಿಲ್ಲ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದೇ ಅಳತೆಯ ಸಣ್ಣ ಯುಪಿಎಸ್ ಜೋಡಿಸಿ. ಮಳೆಗಾಲದಲ್ಲಿ ಇದಿಲ್ಲದೆ ಏರೋಪ್ಲೇನ್ ಮೋಡ್ ಉಪಾಯಕ್ಕೆ ಹೋಗಬೇಡಿ.

ಫೈಬರ್ ಇಲ್ಲದಿದ್ದರೆ, ಸಿಗ್ನಲ್ ಸಿಗದ ಎರಡನೇ ಸಿಮ್ಮನ್ನು ಆಫ್ ಮಾಡಿ. ಇಡೀ ದಿನ ಹುಡುಕುತ್ತಿರುವುದು ಹೆಚ್ಚಾಗಿ ಅದೇ.

ಬೂಸ್ಟರ್ ವಿಷಯ: ಖಾಸಗಿಯವರು ಪರವಾನಗಿ ಇಲ್ಲದೆ ಸಿಗ್ನಲ್ ಬೂಸ್ಟರ್ ಹಾಕುವುದು ಭಾರತದಲ್ಲಿ ಅಪರಾಧ. ಕಾನೂನಿನ ಹಿಂದೆ ಕಾರಣವೂ ಇದೆ. ಅಗ್ಗದ ಬೂಸ್ಟರ್ ನಿಮ್ಮ ಫೋನಿನ ಸಿಗ್ನಲ್ ಜತೆ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ಎಸೆಯುತ್ತದೆ. ಆಗ ಸುತ್ತಲಿನ ಫೋನುಗಳೆಲ್ಲ ಇನ್ನೂ ಜೋರು ಮಾಡಬೇಕಾಗುತ್ತದೆ, ಊರಿನವರ ಬ್ಯಾಟರಿಯೆಲ್ಲ ಇಳಿಯುತ್ತದೆ.

ಪ್ರಶ್ನೆ: ಸ್ಟ್ಯಾಂಡ್‌ಬೈನಲ್ಲಿ ಫೋನಿನ ರೇಡಿಯೊ ನಿದ್ದೆ ಮಾಡುತ್ತದೆ ಎಂದು ಓದಿದ್ದೇನೆ. ನಿದ್ದೆಯಲ್ಲಿದ್ದರೆ ಕರೆ ಬಂದದ್ದು ಗೊತ್ತಾಗುವುದು ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಯಾವ ಕ್ಷಣಕ್ಕೆ ಏಳಬೇಕೆಂದು ಫೋನಿಗೂ ನೆಟ್‌ವರ್ಕಿಗೂ ಮೊದಲೇ ಗೊತ್ತಿರುತ್ತದೆ. ಅದಕ್ಕಾಗಿ ಇಬ್ಬರೂ ಪ್ರತಿ ಸಲ ಮಾತಾಡಿಕೊಳ್ಳಬೇಕಾಗಿಯೂ ಇಲ್ಲ, ಅದೇ ಇದರ ಸೊಗಸು.

4ಜಿಯಲ್ಲಿ ಕಾಲವನ್ನು 10 ಮಿಲಿಸೆಕೆಂಡಿನ ಫ್ರೇಮ್‌ಗಳಾಗಿ ಕತ್ತರಿಸಿ 0ಯಿಂದ 1023ರವರೆಗೆ ಸಂಖ್ಯೆ ಕೊಡುತ್ತಾರೆ, ಮುಗಿದ ಮೇಲೆ ಮತ್ತೆ 0. ಏಳುವ ಅಂತರವನ್ನು ನೆಟ್‌ವರ್ಕ್ 320, 640, 1280 ಅಥವಾ 2560 ಮಿಲಿಸೆಕೆಂಡ್ ಎಂದು ನಿಗದಿ ಮಾಡುತ್ತದೆ. 1280 ಎಂದಿಟ್ಟುಕೊಳ್ಳಿ, ಅಂದರೆ 128 ಫ್ರೇಮ್. ನಿಮ್ಮ ಸಿಮ್ಮಿನೊಳಗೆ ಐಎಂಎಸ್ಐ ಎಂಬ ಗುರುತಿನ ಸಂಖ್ಯೆ ಇದೆ. ಪ್ರತಿ ಫ್ರೇಮನ್ನೂ ಫೋನುಗಳನ್ನು ಕೂಗಿ ಎಬ್ಬಿಸಲು ಬಳಸುವ ಜಾಲದಲ್ಲಿ, ಆ ಸಂಖ್ಯೆಯನ್ನು 128ರಿಂದ ಭಾಗಿಸಿದಾಗ ಉಳಿಯುವ ಶೇಷವೇ ನಿಮ್ಮ ಸರದಿ. ಶೇಷ 37 ಆದರೆ ಫೋನು 37, 165, 293ನೇ ಫ್ರೇಮ್‌ಗಳಲ್ಲಿ ಏಳುತ್ತದೆ. ನಿದ್ದೆಯಲ್ಲಿ ಗಡಿಯಾರದ ಹರಳು ತುಸು ಹಿಂದೆ ಮುಂದೆ ಆಗುವುದರಿಂದ ಸ್ವಲ್ಪ ಮುಂಚೆ ಎದ್ದು, ಕಾಲ ಸರಿಮಾಡಿಕೊಂಡು, ಕೆಲವು ಮಿಲಿಸೆಕೆಂಡ್ ಆಲಿಸಿ, ತನ್ನ ಹೆಸರಿಲ್ಲದಿದ್ದರೆ ಮತ್ತೆ ಮಲಗುತ್ತದೆ. ಕರೆ ಮಾಡಿದವರಿಗೆ ರಿಂಗ್ ಕೇಳುವ ಮುಂಚಿನ ಮೌನದಲ್ಲಿ ಈ ಕಾಯುವಿಕೆಯ ಪಾಲೂ ಇದೆ. ಏಳುವ ವೇಳೆಯನ್ನು ಗಮನಿಸಿದರೆ ಕಾಯಂ ಗುರುತಿನ ಸುಳಿವು ಸಿಗಬಹುದೆಂದು 5ಜಿಯಲ್ಲಿ ಐಎಂಎಸ್ಐ ಬದಲು ಆಗಾಗ ಬದಲಾಗುವ ತಾತ್ಕಾಲಿಕ ಸಂಖ್ಯೆಯಿಂದ ಈ ಲೆಕ್ಕ ಮಾಡುತ್ತಾರೆ.

ಬ್ಯಾಟರಿ ಸೋರುವುದು ಈ ನಿದ್ದೆಯಲ್ಲಲ್ಲ, ಕೆಲಸ ಮುಗಿದ ಮೇಲೂ ಮಲಗದೆ ಕಾಯುವ ಹೊತ್ತಿನಲ್ಲಿ. ಸಂಪರ್ಕ ಕಡಿದು ಮತ್ತೆ ಕಟ್ಟುವುದು ನೆಟ್‌ವರ್ಕಿಗೆ ದುಬಾರಿ. ಆದ್ದರಿಂದ ಕೊನೆಯ ಬೈಟ್ ಹೋದ ಮೇಲೂ, 'ಇನ್ನೇನಾದರೂ ಇದೆಯೇ' ಎಂದು ಸುಮಾರು ಹತ್ತು ಸೆಕೆಂಡ್ ಸಂಪರ್ಕ ಹಿಡಿದಿಡುವುದು ವಾಡಿಕೆ. ಒಂದು ಆ್ಯಪ್ ಎರಡು ನಿಮಿಷಕ್ಕೊಮ್ಮೆ 200 ಬೈಟ್ ಕಳಿಸುತ್ತದೆ ಎನ್ನಿ. ಕಳಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಕಾಯುವುದು ಗಂಟೆಗೆ 300 ಸೆಕೆಂಡ್, ದಿನಕ್ಕೆ ಎರಡು ಗಂಟೆ. ಡೇಟಾ ಲೆಕ್ಕದಲ್ಲಿ ಈ ಆ್ಯಪ್ ಎಲ್ಲೂ ಕಾಣಿಸುವುದಿಲ್ಲ. ಬ್ಯಾಟರಿ ಮಾತ್ರ ಇಳಿದಿರುತ್ತದೆ.

ಇದಕ್ಕೆ ಮದ್ದು ಹಲವು ಕಡೆಯಿಂದ ಬಂತು. ಸಂಪರ್ಕದಲ್ಲಿರುವಾಗಲೇ ಮಧ್ಯೆ ಮಧ್ಯೆ ತೂಕಡಿಸಲು ಬಿಡುವ ವಿಧಾನ 4ಜಿಯಲ್ಲಿದೆ. 5ಜಿಯ ಮೊದಲ ಮಾನಕದಲ್ಲಿ ಪೂರ್ತಿ ಸಂಪರ್ಕ ಮತ್ತು ಪೂರ್ತಿ ನಿದ್ದೆಯ ನಡುವೆ ಮೂರನೇ ಸ್ಥಿತಿಯೊಂದನ್ನು ಸೇರಿಸಿದರು. ಅದರಲ್ಲಿ ಫೋನ್ ಮಲಗಿದರೂ ಅದರ ವಿವರಗಳನ್ನು ಟವರ್ ಇಟ್ಟುಕೊಂಡಿರುತ್ತದೆ, ಎದ್ದಾಗ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕಿಲ್ಲ. ಫೋನಿನ ಕಡೆಯಿಂದ, 2015ರ ಆಂಡ್ರಾಯ್ಡ್ 6 ತಂದ ಡೋಜ್ ದೊಡ್ಡ ಹೆಜ್ಜೆ: ಫೋನು ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ಕೆಲಸವನ್ನೆಲ್ಲ ಕಟ್ಟಿಟ್ಟು, ಅಪರೂಪಕ್ಕೊಮ್ಮೆ ಒಟ್ಟಿಗೆ ಬಿಡುತ್ತದೆ. ಹತ್ತು ಆ್ಯಪ್ ಒಂದೇ ಸಲ ಹೋದರೆ ಕಾಯುವಿಕೆ ಒಂದೇ.

ನೀವು ಮಾಡಬಹುದಾದದ್ದು: ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ, ದಿನಾ ಬಳಸದ ಆ್ಯಪ್‌ಗಳನ್ನು 'ರಿಸ್ಟ್ರಿಕ್ಟೆಡ್' ಮಾಡಿ. ವಾಟ್ಸ್ಆ್ಯಪ್‌ಗೆ ಹೀಗೆ ಮಾಡಿದರೆ ಸಂದೇಶ ತಡವಾಗುತ್ತದೆ. ಎಸ್ಎಂಎಸ್‌ನಲ್ಲಿ ಬರುವ ಬ್ಯಾಂಕ್ ಒಟಿಪಿಗೆ ಏನೂ ಆಗುವುದಿಲ್ಲ, ಅದು ಬರುವ ದಾರಿಯೇ ಬೇರೆ.

ಪ್ರಶ್ನೆ: 5ಜಿ ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತದೆಯೇ?
– ಔಷಧ ಅಂಗಡಿ ಮಾಲೀಕರು, ಧಾರವಾಡ

ಉತ್ತರ: ನಿಮ್ಮ ಅಂಗಡಿಯಲ್ಲಿ 5ಜಿ ಗಟ್ಟಿಯಾಗಿ ನಿಂತಿದ್ದರೆ ಬಿಡಿ, 4ಜಿ–5ಜಿ ಎಂದು ಹೊಯ್ದಾಡುತ್ತಿದ್ದರೆ ಆಫ್ ಮಾಡಿ.

2022ರ ಅಕ್ಟೋಬರ್ 1ರಂದು ನಮ್ಮಲ್ಲಿ 5ಜಿ ಬಂದಾಗ ಎರಡು ಬಗೆ ಬಂತು. ಜಿಯೊ ಸ್ವತಂತ್ರ 5ಜಿ ಆರಿಸಿಕೊಂಡಿತು. ಏರ್‌ಟೆಲ್ 4ಜಿಯ ಆಸರೆಯ 5ಜಿಯಿಂದ ಆರಂಭಿಸಿತು. ಇದರಲ್ಲಿ ಡೇಟಾ ಓಡುವಾಗ ಫೋನು 4ಜಿ, 5ಜಿ ಎರಡೂ ರೇಡಿಯೊಗಳನ್ನು ಎಚ್ಚರವಾಗಿಡಬೇಕು, ಖರ್ಚು ಹೆಚ್ಚು. ಜತೆಗೆ 3300 ಮೆಗಾಹರ್ಟ್ಸ್ ಆಸುಪಾಸಿನ 5ಜಿ ಅಲೆಗಳು ಗೋಡೆ ದಾಟುವಾಗ ಬೇಗ ಸೊರಗುತ್ತವೆ. ಗೋದಾಮಿನೊಳಗೆ ಹೋದಾಗ 5ಜಿ ಮಾಯವಾಗುವುದು ಇದರಿಂದ.

ಇನ್ನೊಂದು ಕಡೆ, ಅಗಲವಾದ ಚಾನೆಲ್ ಕೇಳಲು ಹೆಚ್ಚು ಶಕ್ತಿ ಬೇಕು ಎಂಬ ಸಮಸ್ಯೆಗೆ 5ಜಿ ತನ್ನೊಳಗೇ ಉತ್ತರ ಇಟ್ಟುಕೊಂಡಿದೆ. ಚಾನೆಲ್ 100 ಮೆಗಾಹರ್ಟ್ಸ್ ಇದ್ದರೂ, ಕೆಲಸ ಕಡಿಮೆಯಿದ್ದಾಗ ಅದರ ಕಿರಿದಾದ ತುಂಡನ್ನಷ್ಟೇ ಕೇಳುವಂತೆ ನೆಟ್‌ವರ್ಕ್ ಫೋನಿಗೆ ಹೇಳಬಹುದು. ದೊಡ್ಡ ಫೈಲ್ ಇಳಿಸುವಾಗಲಂತೂ 5ಜಿ ಬೇಗ ಮುಗಿಸಿ ಬೇಗ ಮಲಗುತ್ತದೆ.

ಪ್ರಶ್ನೆ: ಕೊಳವೆಬಾವಿಯ ನೀರಿನ ಮಟ್ಟವನ್ನು ದಿನಕ್ಕೆ ನಾಲ್ಕು ಸಲ ಎಸ್ಎಂಎಸ್ ಮಾಡುವ ಸಾಧನ ಮಾಡಿದ್ದೇವೆ. ಸಿಮ್800ಎಲ್ ಮಾಡ್ಯೂಲ್, 2600 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್. ವಾರದೊಳಗೆ ಸೆಲ್ ಖಾಲಿ. ಎಸ್ಎಂಎಸ್ ಹೋಗುವಾಗ ಮಾಡ್ಯೂಲ್ ರೀಸ್ಟಾರ್ಟ್ ಕೂಡ ಆಗುತ್ತದೆ.
– ಐಟಿಐ ಬೋಧಕರು, ಚಳ್ಳಕೆರೆ

ಉತ್ತರ: ಇವು ಎರಡು ಬೇರೆ ಬೇರೆ ದೋಷಗಳು. ರೀಸ್ಟಾರ್ಟ್ ಮೊದಲು ನೋಡೋಣ.

ನಿಮ್ಮ ಸಿಮ್800ಎಲ್ 2ಜಿ ಮಾಡ್ಯೂಲ್. 2ಜಿ ಫೋನು ಸತತವಾಗಿ ಪ್ರಸಾರ ಮಾಡುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೊಸೆಕೆಂಡ್ ಮಾತ್ರ ಸಿಡಿಯುತ್ತದೆ. ಸೆಕೆಂಡಿಗೆ 217 ಸಲ. ಹಳೆಯ ಫೋನು ಟೇಪ್ ರೆಕಾರ್ಡರ್ ಪಕ್ಕ ಇದ್ದಾಗ ಸ್ಪೀಕರಿನಲ್ಲಿ ಕೇಳುತ್ತಿದ್ದ ಗುರ್ ಸದ್ದು ಇದೇ. ಆ ಸಿಡಿತದಲ್ಲಿ ಮಾಡ್ಯೂಲ್ 2 ಆಂಪಿಯರ್ ಎಳೆಯುತ್ತದೆ. ತೆಳು ಜಂಪರ್ ವೈರು, ಬ್ರೆಡ್‌ಬೋರ್ಡ್, ಸೆಲ್ ಹೋಲ್ಡರಿನ ಸ್ಪ್ರಿಂಗ್ ಎಲ್ಲ ಸೇರಿ 0.3 ಓಮ್ ಇದ್ದರೂ 0.6 ವೋಲ್ಟ್ ಅಲ್ಲೇ ಕುಸಿಯುತ್ತದೆ. 3.9 ವೋಲ್ಟಿನ ಸೆಲ್ ಮಾಡ್ಯೂಲಿನ ಬಾಯಲ್ಲಿ 3.3 ಆಗುತ್ತದೆ. ಅದಕ್ಕೆ ಬೇಕಾದ ಕನಿಷ್ಠ 3.4. ಮಲ್ಟಿಮೀಟರಿನಲ್ಲಿ ಈ ಕುಸಿತ ಕಾಣದು, ಆಸಿಲೋಸ್ಕೋಪ್ ಬೇಕು.

ಬ್ರೆಡ್‌ಬೋರ್ಡ್ ಬಿಟ್ಟು ದಪ್ಪ ವೈರನ್ನು ನೇರ ಬೆಸುಗೆ ಹಾಕಿ, ಉದ್ದ 10 ಸೆಂಟಿಮೀಟರ್ ಒಳಗಿರಲಿ. ಮಾಡ್ಯೂಲಿನ ಪಿನ್ನಿಗೆ ತಾಗಿದಂತೆ, ಒಳರೋಧ ಕಡಿಮೆ ಇರುವ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ಹಾಕಿದ್ದೇವೆಂದು ವೈರನ್ನು ಮರೆಯಬೇಡಿ: 2 ಆಂಪಿಯರನ್ನು ಅದೊಂದೇ ಕೊಡಬೇಕಾದರೆ ಒಂದೇ ಸಿಡಿತಕ್ಕೆ 1.15 ವೋಲ್ಟ್ ಇಳಿಯುತ್ತದೆ.

ಇನ್ನು ಖಾಲಿಯಾಗುವ ವಿಷಯ. ನೆಟ್‌ವರ್ಕಿಗೆ ಸೇರಿಕೊಂಡು ಸುಮ್ಮನಿರುವ ಸಿಮ್800ಎಲ್ ಸುಮಾರು 18 ಮಿಲಿಆಂಪಿಯರ್ ತಿನ್ನುತ್ತದೆ. 2600 ಭಾಗ 18, 144 ಗಂಟೆ, ಆರು ದಿನ. ನಿಮ್ಮ ವಾರದ ಲೆಕ್ಕ ಇಲ್ಲಿಗೇ ಹೊಂದುತ್ತದೆ. 'ಎಟಿ+ಸಿಎಸ್‌ಸಿಎಲ್‌ಕೆ=2' ಆಜ್ಞೆ ಕೊಟ್ಟರೆ ಮಾಡ್ಯೂಲ್ ಕೆಲಸವಿಲ್ಲದಾಗ ತಾನೇ ಮಲಗಿ ಒಂದೆರಡು ಮಿಲಿಆಂಪಿಯರಿಗೆ ಇಳಿಯುತ್ತದೆ. ಎಬ್ಬಿಸುವಾಗ ಮೊದಲು ಕಳಿಸಿದ ಅಕ್ಷರ ಕಳೆದುಹೋಗುವುದರಿಂದ, ಒಂದು ಖಾಲಿ 'ಎಟಿ' ಕಳಿಸಿ ತುಸು ತಡೆದು ನಿಜವಾದ ಆಜ್ಞೆ ಕೊಡಿ.

ನಿಮಗೆ ದಿನಕ್ಕೆ ನಾಲ್ಕೇ ಸಂದೇಶ ಸಾಕಾದ್ದರಿಂದ, ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಆದ ಒಂದು ಪಿ-ಚಾನೆಲ್ ಮಾಸ್‌ಫೆಟ್ ಹಾಕಿ ಮಾಡ್ಯೂಲಿನ ವಿದ್ಯುತ್ತನ್ನೇ ಕಡಿಯುವುದು ಇನ್ನೂ ಒಳ್ಳೆಯದು. ಎದ್ದು, ನೆಟ್‌ವರ್ಕ್ ಹಿಡಿದು, ಕಳಿಸಿ ಮುಗಿಸಲು ಸರಾಸರಿ 100 ಮಿಲಿಆಂಪಿಯರಿನಲ್ಲಿ ಒಂದು ನಿಮಿಷ ಹಿಡಿದರೂ ದಿನಕ್ಕೆ 7 ಎಂಎಎಚ್ ಒಳಗೆ. ಮೈಕ್ರೊಕಂಟ್ರೋಲರ್ ಬೋರ್ಡಿನ ಮೇಲಿನ ಪವರ್ ಎಲ್ಇಡಿ ಕಿತ್ತುಹಾಕಿ. ದಿನಕ್ಕೆ ಮಾಡ್ಯೂಲಿಗಿಂತ ಹೆಚ್ಚನ್ನು ಅದೊಂದೇ ನುಂಗಬಲ್ಲದು.

ಮುಂದಿನ ಸಲ, ಇಂಥ ಸಣ್ಣ ಸಾಧನಗಳಿಗೆಂದೇ ಇರುವ ಮೊಬೈಲ್ ಸೇವೆಯಾದ ಎನ್‌ಬಿ-ಐಒಟಿ ಮಾಡ್ಯೂಲ್ ನೋಡಿ. ಇದರಲ್ಲಿ ಸಾಧನ ನೆಟ್‌ವರ್ಕಿನ ಪಟ್ಟಿಯಲ್ಲಿ ಉಳಿದುಕೊಂಡೇ ಕೆಲವೇ ಮೈಕ್ರೊಆಂಪಿಯರಿನಲ್ಲಿ ದಿನಗಟ್ಟಲೆ ಮಲಗುತ್ತದೆ, 2 ಆಂಪಿಯರ್ ಸಿಡಿತವೂ ಇಲ್ಲ. ಆದರೆ ಆ ಗಾಢ ನಿದ್ದೆಯಲ್ಲಿ ಹೊರಗಿನ ಸಂದೇಶ ತಲುಪದು. ಮಟ್ಟ ತಿಳಿಸಲು ಸರಿ, ಮೋಟರ್ ಆನ್ ಮಾಡಿಸಲು ಸಲ್ಲದು. ಮಾಡ್ಯೂಲ್ ಕೊಳ್ಳುವ ಮುಂಚೆ ಬಾವಿಯ ಜಾಗದಲ್ಲಿ ಆ ಸೇವೆ ಸಿಗುತ್ತದೆಯೇ ಎಂದು ಸಿಮ್ ಕಂಪನಿಯನ್ನು ಕೇಳಿ. ಈಗಿನ ಮಾಡ್ಯೂಲಿಗೆ ಜಿಯೊ ಸಿಮ್ ಹಾಕಿ ಪ್ರಯೋಜನವಿಲ್ಲ, ಅವರಲ್ಲಿ 2ಜಿಯೇ ಇಲ್ಲ.

ಪ್ರಶ್ನೆ: ರೀಸೆಂಟ್ಸ್‌ನಿಂದ ಆ್ಯಪ್‌ಗಳನ್ನು ಆಗಾಗ ಒರೆಸಿಹಾಕಿದರೆ ಉಳಿತಾಯವೇ?
– ಗೃಹಿಣಿ, ಮೈಸೂರು

ಉತ್ತರ: ಇಲ್ಲ. ಮತ್ತೆ ತೆರೆದಾಗ ಮೊದಲಿನಿಂದ ಲೋಡ್ ಆಗಬೇಕು, ಅದಕ್ಕೇ ಹೆಚ್ಚು ಖರ್ಚು.

ಪ್ರಶ್ನೆ: ಈ ಕ್ಷೇತ್ರದಲ್ಲಿ ನಮ್ಮ ದೇಶದವರ ಕೊಡುಗೆ ಇದೆಯೇ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಕುಂದಾಪುರ

ಉತ್ತರ: ಇದೆ, ಅದೂ ಹಳ್ಳಿಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. 4ಜಿ, 5ಜಿ ಅಲೆಗಳಲ್ಲಿ ನೂರಾರು ಸಣ್ಣ ಅಲೆಗಳು ಒಟ್ಟಿಗೆ ಸಾಗುತ್ತವೆ. ಅವೆಲ್ಲ ಒಮ್ಮೊಮ್ಮೆ ಒಂದೇ ಕ್ಷಣದಲ್ಲಿ ತುದಿ ಮುಟ್ಟಿ ದೊಡ್ಡ ಏರು ಹುಟ್ಟುತ್ತದೆ. ಆ ಏರು ಕತ್ತರಿಸಿಹೋಗದಂತೆ ಆಂಪ್ಲಿಫೈಯರನ್ನು ಅದರ ಪೂರ್ತಿ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ ಓಡಿಸಬೇಕು, ಆಗ ಬ್ಯಾಟರಿಯ ಹೆಚ್ಚು ಪಾಲು ಬಿಸಿಯಾಗಿ ಹೋಗುತ್ತದೆ. ಟವರಿಗೆ ಇದು ನಡೆಯುತ್ತದೆ, ಅಂಗೈಯ ಫೋನಿಗೆ ನಡೆಯದು. ಹಾಗಾಗಿ 4ಜಿಯಲ್ಲಿ ಫೋನಿನಿಂದ ಟವರಿಗೆ ಹೋಗುವ ದಾರಿಗೆ ಏರಿಳಿತ ಕಡಿಮೆಯಿರುವ ಬೇರೆ ಅಲೆ ಆರಿಸಿದ್ದರು.

ಐಐಟಿ ಹೈದರಾಬಾದಿನ ಸಂಶೋಧಕರು ಮತ್ತು ಐಐಟಿ ಮದ್ರಾಸಿನ ಆವರಣದಲ್ಲಿರುವ ಸೆವಿಟ್ ಎಂಬ ವೈರ್‌ಲೆಸ್ ಸಂಶೋಧನಾ ಸಂಸ್ಥೆಯವರು ಈ ಏರಿಳಿತವನ್ನು ಇನ್ನೂ ತಗ್ಗಿಸಿದರು. ಪೈ ಬೈ ಟು ಬಿಪಿಎಸ್‌ಕೆ ಎಂಬ ಸರಳ ಸಂಕೇತಕ್ರಮಕ್ಕೆ ವಿಶೇಷ ಸೋಸುವಿಕೆ ಸೇರಿಸಿದಾಗ ಅಲೆ ಬಹುತೇಕ ಸಮತಟ್ಟಾಗುತ್ತದೆ. ಆಂಪ್ಲಿಫೈಯರನ್ನು ಅದರ ಗರಿಷ್ಠದ ಹತ್ತಿರವೇ ಓಡಿಸಬಹುದು, ಅದೇ ಬ್ಯಾಟರಿಯಲ್ಲಿ ಸಿಗ್ನಲ್ ಇನ್ನಷ್ಟು ದೂರ ಮುಟ್ಟುತ್ತದೆ. ಟವರಿನಿಂದ ಟವರಿಗೆ 6 ಕಿಲೋಮೀಟರ್ ಅಂತರವಿರುವ ಗ್ರಾಮೀಣ ಪ್ರದೇಶವನ್ನೂ 5ಜಿ ತಂತ್ರಜ್ಞಾನಗಳ ಪರೀಕ್ಷೆಗೆ ಸೇರಿಸಬೇಕೆಂದು ಭಾರತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ಪಟ್ಟು ಹಿಡಿದು ಒಪ್ಪಿಸಿತು. '5ಜಿಐ' ಹೆಸರಿನಲ್ಲಿ ಪ್ರತ್ಯೇಕ ಮಾನಕವಾಗಿ ಮಾನ್ಯತೆ ಪಡೆದ ಈ ಕೆಲಸವನ್ನು ಆಮೇಲೆ ಜಾಗತಿಕ 5ಜಿ ಮಾನಕದ 17ನೇ ಆವೃತ್ತಿಯೊಂದಿಗೆ ವಿಲೀನಗೊಳಿಸಿದರು. ಹಾಗೆ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಭಾರತಕ್ಕೆ ಮಾತ್ರ ಬೇರೆ ಮಾನಕ ಉಳಿದಿದ್ದರೆ ಅದಕ್ಕೆಂದೇ ಬೇರೆ ಚಿಪ್ ಬೇಕಾಗುತ್ತಿತ್ತು, ಫೋನಿನ ಬೆಲೆ ಏರುತ್ತಿತ್ತು. ಶಾಲೆಯಲ್ಲಿ ಇದನ್ನು ತೋರಿಸಬೇಕೆಂದರೆ ಗ್ರಾಫ್ ಹಾಳೆಯಲ್ಲಿ ಬೇರೆ ಬೇರೆ ಆವರ್ತನದ ನಾಲ್ಕು ಸೈನ್ ಅಲೆಗಳನ್ನು ಬರೆಸಿ, ಬಿಂದುಬಿಂದುವಾಗಿ ಕೂಡಿಸಲು ಹೇಳಿ. ಆ ಏರು ಮಕ್ಕಳ ಪೆನ್ಸಿಲ್ ತುದಿಯಲ್ಲೇ ಮೂಡುತ್ತದೆ.