ಗೋಡೌನ್ ಪ್ರಶ್ನೋತ್ತರ: ನಡುದಾರಿಯಲ್ಲಿ ನಿಲ್ಲುವ ಪೆಟ್ಟಿಗೆ

ಪ್ರಶ್ನೆ: ಬೈಕಂಪಾಡಿಯಲ್ಲಿ ನಮ್ಮ ಗೋಡಂಬಿ ಗೋಡೌನ್ ಇದೆ. ಹಳೆ ಮಾಲು ಮೊದಲು ಹೋಗಲೆಂದು ಇಳಿಜಾರಿನ ರೋಲರ್ ರ‍್ಯಾಕ್ ಹಾಕಿಸಿದೆವು. ಹಿಂದಿನಿಂದ ತುಂಬುವುದು, ಮುಂದಿನಿಂದ ತೆಗೆಯುವುದು. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ 22.68 ಕೆಜಿಯ ರಟ್ಟಿನ ಪೆಟ್ಟಿಗೆಗಳು ನಡುವೆಯೇ ನಿಲ್ಲುತ್ತವೆ. ನೂಕಿದರೆ ಎಲ್ಲವೂ ಒಟ್ಟಿಗೆ ಬಂದು ಮುಂದಿನ ತಡೆಪಟ್ಟಿಗೆ ಬಡಿಯುತ್ತವೆ. ಇಳಿಜಾರು ಹೆಚ್ಚಿಸಲೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಸದ್ಯಕ್ಕೆ ಬೇಡ. ಬೇಸಿಗೆಯಲ್ಲಿ ಜಾರಿದ್ದು ಮಳೆಗಾಲದಲ್ಲಿ ನಿಂತಿತೆಂದರೆ ತಪ್ಪು ಇಳಿಜಾರಿನದ್ದಲ್ಲ. ನಿಂತ ಪೆಟ್ಟಿಗೆಯೊಂದನ್ನು ಮಗುಚಿ ನೋಡಿ. ತಳದಲ್ಲಿ ರೋಲರ್ ಒತ್ತಿದ ಅಡ್ಡಗೆರೆಗಳಿದ್ದರೆ ತೇವಕ್ಕೆ ರಟ್ಟು ಮೆದುವಾಗಿ ರೋಲರ್‌ಗಳ ನಡುವೆ ಇಳಿದಿದೆ ಎಂದರ್ಥ. ಅಂಥ ಪೆಟ್ಟಿಗೆ ಪ್ರತಿ ರೋಲರನ್ನೂ ಹತ್ತಿಳಿಯಬೇಕು.

ಪೆಟ್ಟಿಗೆ ಎಲ್ಲಿದ್ದರೂ ಅದರಡಿ ಕನಿಷ್ಠ 3 ರೋಲರ್ ಇರಬೇಕು. 36 ಸೆಂ.ಮೀ. ಉದ್ದದ ಪೆಟ್ಟಿಗೆಗೆ ರೋಲರ್‌ನಿಂದ ರೋಲರ್‌ಗೆ 12 ಸೆಂ.ಮೀ. ಮೀರಬಾರದು, ನಮ್ಮ ಕರಾವಳಿಯ ತೇವಕ್ಕೆ 8 ಇದ್ದರೆ ವಾಸಿ. ಇರುವ ರೋಲರ್ ಪಟ್ಟಿಗಳ ಪಕ್ಕದಲ್ಲೇ ಇನ್ನೊಂದು ಪಟ್ಟಿ ಕೂರಿಸಿದರೂ ಭಾರ ಹಂಚಿಹೋಗುತ್ತದೆ. ಸ್ಟ್ರಾಪಿನ ಕ್ಲಿಪ್ ತಳಕ್ಕೆ ಬರದಂತೆ ಕಟ್ಟಿಸಿ. ಎಷ್ಟೋ ಕಡೆ ಪೆಟ್ಟಿಗೆ ಸಿಕ್ಕಿಕೊಳ್ಳುವುದು ಆ ಒಂದು ಕ್ಲಿಪ್ಪಿಗೆ.

ಆಮೇಲೆ ಲೇನ್ (ಪೆಟ್ಟಿಗೆಗಳು ಜಾರುವ ಒಂದು ಸಾಲು) ಖಾಲಿ ಮಾಡಿ ಪ್ರತಿ ರೋಲರನ್ನೂ ಬೆರಳಲ್ಲಿ ತಿರುಗಿಸಿ. ಉಪ್ಪುಗಾಳಿಗೆ ಆಕ್ಸಲ್ ತುಕ್ಕು ಹಿಡಿದು ನಾಲ್ಕೈದು ಬಿಗಿಯಾಗಿದ್ದರೂ ಸಾಲು ನಿಲ್ಲುತ್ತದೆ. ಬಿಗಿಯಾದದ್ದನ್ನು ಬದಲಿಸಿ, ಗ್ರೀಸ್ ಮಾತ್ರ ಹಚ್ಚಬೇಡಿ. ಧೂಳು ಅಂಟಿ ಇನ್ನಷ್ಟು ಕೆಡುತ್ತದೆ.

ಇಷ್ಟಾದ ಮೇಲೆ ಇಳಿಜಾರು. ಮೇಸ್ತ್ರಿಯ ನೀರಿನ ಪೈಪಿನಲ್ಲೇ ಅಳೆಯಬಹುದು: 3 ಮೀಟರ್ ಲೇನಿಗೆ 3.5 ಡಿಗ್ರಿ ಎಂದರೆ ಹಿಂದಿನ ತುದಿ ಸುಮಾರು 18 ಸೆಂ.ಮೀ. ಎತ್ತರ. ಹಿಂದೆ ಒಂಟಿ ಪೆಟ್ಟಿಗೆ ಇಟ್ಟು ಕೈಬಿಡಿ, ನೂಕದೆ ಮುಂದೆ ಬರಬೇಕು. ಬಾರದಿದ್ದರೆ ಅರ್ಧರ್ಧ ಡಿಗ್ರಿ ಏರಿಸಿ. 5ರ ಮೇಲೆ ಹೋದರೆ ಈಗ ಆಗುತ್ತಿರುವ ಬಡಿತವೇ ದಿನವಿಡೀ.

ಸಿಕ್ಕಿದ ಪೆಟ್ಟಿಗೆ ಬಿಡಿಸಲು ಹುಡುಗರನ್ನು ಲೇನಿನೊಳಗೆ ಹತ್ತಿಸಲೇಬೇಡಿ. 7 ಪೆಟ್ಟಿಗೆ ಎಂದರೆ 159 ಕೆಜಿ. ಹಿಂದಿನಿಂದ ಉದ್ದ ಕೋಲಿನಲ್ಲಿ ಬಿಡಿಸಿ, ಆಗ ಮುಂದೆ ಯಾರೂ ನಿಲ್ಲಬಾರದು.

ಪ್ರಶ್ನೆ: ಇದೇ ರ‍್ಯಾಕಿನಲ್ಲಿ ಪ್ಯಾಲೆಟ್ (ಮಾಲು ಪೇರಿಸುವ ಹಲಗೆಮಣೆ) ಇಡಬಹುದೇ?
— ಇನ್ನೊಬ್ಬರು, ಉಡುಪಿ

ಉತ್ತರ: ಆಗದು. ಪ್ಯಾಲೆಟ್‌ಗೆ ಪೂರ್ತಿ ಅಗಲದ ಉಕ್ಕಿನ ರೋಲರ್, ನಡುನಡುವೆ ವೇಗ ತಗ್ಗಿಸುವ ಬ್ರೇಕ್ ರೋಲರ್ ಬೇಕು. ಇಳಿಜಾರು ಶೇ. 4ರಷ್ಟು ಸಾಕು, 6 ಮೀಟರಿಗೆ 24 ಸೆಂ.ಮೀ. ಪ್ಯಾಲೆಟ್‌ನ ತಳದ ಹಲಗೆಗಳು ಸಾಗುವ ದಿಕ್ಕಿಗೇ ಇರಲಿ. ಅಡ್ಡವಿದ್ದರೆ ರೋಲರ್ ಸಂದಿಗೆ ಬಿದ್ದು ನಿಲ್ಲುತ್ತವೆ.